ಇನ್ನೂರ ಎಪ್ಪತ್ತು ಚದರಡಿಯ ಮನೆ: ಕಲಬುರಗಿಯಿಂದ ಕಮಲಾಪುರಕ್ಕೆ

ಕಲಬುರಗಿಗೆ ಬಂದ ಪ್ರವಾಸಿ ಕೋಟೆಯೊಳಗಿನ ಜಾಮಿ ಮಸೀದಿ ನೋಡದೆ ಹಿಂದಿರುಗುವುದು ಅಪರೂಪ. ಬಹಮನಿ ಸುಲ್ತಾನರು ಇಲ್ಲಿ ರಾಜಧಾನಿ ಹೂಡಿ ಇಪ್ಪತ್ತು ವರ್ಷವಾದ ಮೇಲೆ, 1367ರಲ್ಲಿ, ಎದ್ದ ಕಟ್ಟಡ ಅದು. ನಡುವೆ ಬಯಲು ಅಂಗಳ, ಸುತ್ತ ಕೈಸಾಲೆ ಇರುವ ಮಸೀದಿಗಳನ್ನು ಕಂಡು ರೂಢಿಯಾದ ಕಣ್ಣಿಗೆ ಇದು ಬೇರೆಯೇ ಆಗಿ ಕಾಣುತ್ತದೆ. ಇಲ್ಲಿ ಅಂಗಳವೇ ಇಲ್ಲ; ಸುಮಾರು 38,000 ಚದರಡಿ ನೆಲಕ್ಕೆ ಗುಮ್ಮಟಗಳ ಸೂರು ಹೊದಿಸಿ, ಗಾಳಿ ಬೆಳಕಿಗೆಂದು ಪಕ್ಕದ ಕಮಾನುಗಳನ್ನು ತೆರೆದು ಬಿಟ್ಟಿದ್ದಾರೆ. ಹೀಗೇಕೆ ಕಟ್ಟಿದರು ಎಂಬುದಕ್ಕೆ ಇತಿಹಾಸಕಾರರು ಇರಾನಿನ ಕಡೆಯಿಂದ ಬಂದ ಕುಶಲಿಗಳ ಮಾತು ಎತ್ತುತ್ತಾರೆ, ಕೆಲವರು ಸ್ಪೇನಿನ ಕೊರ್ಡೊಬಾದವರೆಗೂ ಹೋಗುತ್ತಾರೆ. ಅವರ ವಾದ ಅವರಿಗಿರಲಿ. ಮೇ ತಿಂಗಳ ಮಧ್ಯಾಹ್ನ ಕೋಟೆಯ ಬಯಲು ದಾಟಿ ಆ ಕಮಾನುಗಳ ಕೆಳಗೆ ಕಾಲಿಟ್ಟವರಿಗೆ ಇನ್ನೊಂದು ಕಾರಣ ಹೊಳೆಯದೆ ಇರದು. ನಲವತ್ತೆರಡು ಡಿಗ್ರಿ ಮುಟ್ಟುವ ಊರಿನಲ್ಲಿ ಕಟ್ಟಡ ಎಂಬುದರ ಮೊದಲ ಕೆಲಸ ನೆರಳು ಕೊಡುವುದು. ಉಳಿದದ್ದೆಲ್ಲ ಆಮೇಲೆ.

ಸುಲ್ತಾನರ ಖಜಾನೆ ಇದ್ದವರು ನೆರಳಿಗೆ ಗುಮ್ಮಟ ಕಟ್ಟಿಸಿದರು. ಒಂದು ಲಕ್ಷ ಇಪ್ಪತ್ತು ಸಾವಿರ ರೂಪಾಯಿ ಹಿಡಿದು ನಿಂತವರು ಏನು ಮಾಡಬೇಕು? ಈ ಮೊತ್ತ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದ್ದು. 2016ರಲ್ಲಿ ಬಯಲುಸೀಮೆಯ ಮನೆಗಳಿಗೆಂದು ಗೊತ್ತುಮಾಡಿದ ಅದೇ ಮೊತ್ತ 2024ರಲ್ಲಿ ಆರಂಭವಾದ ಎರಡನೆಯ ಹಂತದಲ್ಲೂ ಮುಂದುವರಿದಿದೆ; ಈ ನಡುವೆ ಕಬ್ಬಿಣ, ಸಿಮೆಂಟ್, ಗೌಂಡಿಯ ಕೂಲಿ ಯಾವುದೂ ಅಲ್ಲೇ ನಿಂತಿಲ್ಲ. ಜೊತೆಗೆ ಉದ್ಯೋಗ ಖಾತ್ರಿಯ 90 ದಿನದ ಕೂಲಿ, ಶೌಚಾಲಯಕ್ಕೆ 12,000 ರೂಪಾಯಿ. ಮನೆಯ ಅಳತೆ ಅಡುಗೆ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್ ಇರಬೇಕು, ಅಂದರೆ ಸುಮಾರು 270 ಚದರಡಿ. ನಗರದ ಯೋಜನೆಯಲ್ಲಿ ಇದು 30 ಚದರ ಮೀಟರಿನ ಆಸುಪಾಸು ಓಡಾಡುತ್ತದೆ. ಅಧಿಕಾರಿ ಕೇಳುವುದು ಚದರಡಿ, ಗುತ್ತಿಗೆದಾರ ದರ ಹೇಳುವುದು ಚದರಡಿಗೆ, ಮನೆಯವರು ನೆಂಟರ ಮುಂದೆ ಹೇಳಿಕೊಳ್ಳುವುದೂ ಚದರಡಿಯಲ್ಲೇ. ಕಲಬುರಗಿ ಸೀಮೆಯಲ್ಲಿ ಪುಟ್ಟ ಮನೆಯೊಂದು ಬಾಳಲು ಬರುವಂತಿದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವ ಸಂಗತಿಗಳಲ್ಲಿ ಈ ಚದರಡಿ ತೀರಾ ಹಿಂದಿನ ಸಾಲಿನದು ಎಂಬುದು ನನ್ನ ವಾದ. ಕೆಳಗಿನ ಮಣ್ಣು, ಮೇಲಿನ ಸೂರು, ಗೋಡೆಯ ಹೊರಗಿನ ನೆರಳು, ಈ ಮೂರಕ್ಕೆ ಹಣ ಹಾಕಿ ಮುಗಿಸಿದ ಮೇಲಷ್ಟೇ ಒಳಗಿನ ನೆಲದ ಅಳತೆಗೆ ಬರಬೇಕು. ನಗರದಿಂದ ಕಮಲಾಪುರದವರೆಗಿನ ಮೂವತ್ತು ಚಿಲ್ಲರೆ ಕಿಲೋಮೀಟರ್ ದಾರಿ ಈ ವಾದಕ್ಕೆ ಬೇಕಾದ ಸಾಕ್ಷ್ಯವನ್ನೆಲ್ಲ ಎರಡೂ ಬದಿಗೆ ಹರಡಿಕೊಂಡು ಕೂತಿದೆ.

ಮೊದಲು ಊರಿನೊಳಗಿನ ಓಣಿಗಳನ್ನೇ ನೋಡಬಹುದು. ಹಳೆಯ ಮೊಹಲ್ಲಾಗಳಲ್ಲಿ ಮನೆಗೆ ಮನೆ ಅಂಟಿಕೊಂಡಿದೆ, ಒಂದೇ ಗ್ವಾಡಿಗೆ ಎರಡು ಸಂಸಾರ. ಹೊಸ ಬಡಾವಣೆಗಳಲ್ಲಿ ಇಪ್ಪತ್ತು-ಮೂವತ್ತರ ನಿವೇಶನದ ನಟ್ಟನಡುವೆ ಮನೆ ಕೂತು, ಸುತ್ತ ಮೂರಡಿಯ ಸಂದಿ. ಇದನ್ನು ಲೆಕ್ಕಕ್ಕೆ ಹಚ್ಚಿದರೆ ಬೆರಗಾಗುತ್ತದೆ. ನಿವೇಶನ 600 ಚದರಡಿ. ನಾಲ್ಕೂ ಬದಿಗೆ ಮೂರಡಿ ಬಿಟ್ಟರೆ ಸಂದಿಗೆ ಹೋಗುವುದು 264 ಚದರಡಿ. ಸರ್ಕಾರ ಒಂದು ಸಂಸಾರಕ್ಕೆ ಕನಿಷ್ಠ ಎನ್ನುವ ಮನೆಯ ಅಳತೆ ಹೆಚ್ಚುಕಡಿಮೆ ಅಷ್ಟೇ. ಒಂದು ಮನೆಯಷ್ಟು ಜಾಗ ಮುರಿದ ಸೈಕಲ್ಲಿಗೂ ಬಚ್ಚಲ ನೀರಿಗೂ ಬಿಟ್ಟುಕೊಟ್ಟಂತಾಯಿತು. ಗೋಡೆಯ ಲೆಕ್ಕವೂ ಹೀಗೆಯೇ ಮೋಸ ಮಾಡುತ್ತದೆ. 5 ಮೀಟರ್ ಚೌಕದ ಮನೆಗೆ ಸುತ್ತಗೋಡೆ 20 ಮೀಟರ್. ಅದೇ 25 ಚದರ ಮೀಟರನ್ನು ಎರಡೂವರೆ ಮೀಟರ್ ಅಗಲ, 10 ಮೀಟರ್ ಉದ್ದ ಮಾಡಿದರೆ ಗೋಡೆ 25 ಮೀಟರಿಗೆ ಏರುತ್ತದೆ. ನೆಲ ಒಂದಂಗುಲವೂ ಹೆಚ್ಚದೆ ಗೋಡೆ, ಬುನಾದಿಗಳ ಖರ್ಚು ಕಾಲುಪಾಲು ಹೆಚ್ಚಿತು. 50 ಚದರ ಮೀಟರಿನ ಚೌಕ ಮನೆಗಾದರೋ ಸುತ್ತಗೋಡೆ 28 ಮೀಟರ್ ಚಿಲ್ಲರೆ ಸಾಕು: ನೆಲ ಇಮ್ಮಡಿಯಾದರೂ ಗೋಡೆ ಅರ್ಧದಷ್ಟೂ ಹೆಚ್ಚುವುದಿಲ್ಲ. ಬಾಗಿಲು, ಶೌಚಾಲಯ, ನೀರಿನ ಟಾಕಿ, ಕರೆಂಟಿನ ಮೀಟರ್ ಇವಕ್ಕೆ ಚಿಕ್ಕ ಮನೆ ದೊಡ್ಡ ಮನೆ ಎಂಬ ಭೇದವೂ ಇಲ್ಲ. ಹಾಗಾಗಿ ಚಿಕ್ಕ ಮನೆ ಚದರಡಿಗೆ ಯಾವಾಗಲೂ ದುಬಾರಿಯೇ. ದೊಡ್ಡ ಮನೆಯ ನಕ್ಷೆಯನ್ನು ಕುಗ್ಗಿಸಿ ಹಾಲ್, ಬೆಡ್‌ರೂಮ್, ಕಿಚನ್ ಎಂದು ಗೂಡುಗೂಡಾಗಿ ಸೀಳಿದರೆ ದುಡ್ಡೂ ಹೋಯಿತು, ಜಾಗವೂ ಹೋಯಿತು.

ನೆರೆಯವರೊಂದಿಗೆ ಗೋಡೆ ಹಂಚಿಕೊಂಡರೆ ಎರಡು ಮನೆಗೆ 40 ಮೀಟರ್ ಗೋಡೆಯ ಬದಲು 35 ಸಾಕಾಗುತ್ತದೆ. ಪಶ್ಚಿಮದ ಗೋಡೆ ಹಂಚಿಕೊಂಡವರಿಗೆ ಸಂಜೆಯ ಬಿಸಿಲಿನಿಂದ ಪುಕ್ಕಟೆ ಬಿಡುಗಡೆ. ಆದರೆ ಗ್ವಾಡಿ ಜಗಳ ಗೊತ್ತಿದ್ದವರು ಇದನ್ನು ಕೇಳಿ ನಗುತ್ತಾರೆ. ಮೊಳೆ ಹೊಡೆದದ್ದಕ್ಕೆ, ತೊಲೆ ತೂರಿಸಿದ್ದಕ್ಕೆ, ಮೇಲೊಂದು ಮಜಲು ಎಬ್ಬಿಸಿದ್ದಕ್ಕೆ ಕೋರ್ಟು ಹತ್ತಿದ ಅಣ್ಣತಮ್ಮಂದಿರು ಯಾವ ಓಣಿಯಲ್ಲಿ ಇಲ್ಲ? ಆಕ್ಷೇಪ ನಿಜವಾದದ್ದೇ. ಆದರೆ ಜಗಳದ ಮೂಲ ಗೋಡೆಯಲ್ಲ, ಬರೆದಿಡದ ಒಪ್ಪಂದ. ಹಕ್ಕುಪತ್ರದಲ್ಲೇ ಜಂಟಿ ಗೋಡೆಯೆಂದು ನಮೂದಾಗಿ, ಅದರ ಬುನಾದಿಯನ್ನು ಎರಡು ಮಜಲಿಗೆ ತಾಳುವಂತೆ ಮೊದಲೇ ಹಾಕಿದರೆ ತಕರಾರಿನ ಅರ್ಧ ಬಾಯಿ ಮುಚ್ಚುತ್ತದೆ. ಉಳಿದರ್ಧಕ್ಕೆ ಯಾವ ಎಂಜಿನಿಯರನ ಬಳಿಯೂ ಔಷಧವಿಲ್ಲ.

ನಗರ ಬಿಟ್ಟು ಹುಮನಾಬಾದ್ ರಸ್ತೆ ಹಿಡಿದು ಕಪನೂರಿನ ಕೈಗಾರಿಕಾ ಶೆಡ್ಡುಗಳನ್ನು ದಾಟಿದರೆ ಎರೆ ಭೂಮಿ ಶುರುವಾಗುತ್ತದೆ. ಮುಂಗಾರು ಮುಗಿದ ಮೇಲೆ ಬಂದವರಿಗೆ ದಾರಿಯುದ್ದಕ್ಕೂ ತೊಗರಿ. 2019ರಲ್ಲಿ ಜಿಐ ಮಾನ್ಯತೆ ಪಡೆದ ಕಲಬುರಗಿ ತೊಗರಿಯ ರುಚಿಗೆ ಈ ನೆಲವೇ ಕಾರಣ ಎಂದು ಹೆಮ್ಮೆಪಡುವವರು ಅದೇ ನೆಲದ ಮೇಲೆ ಮನೆ ಕಟ್ಟಲು ಹೊರಟಾಗ ಬೆವರುತ್ತಾರೆ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟು ಕುಗ್ಗುತ್ತದೆ. ಭಾರದ ದೊಡ್ಡ ಕಟ್ಟಡ ಈ ಏರಿಳಿತವನ್ನು ಒಂದಿಷ್ಟು ಅದುಮಿ ಹಿಡಿಯುತ್ತದೆ. ಹಗುರಾದ ಒಂದಂತಸ್ತಿನ ಮನೆಗೆ ಆ ಶಕ್ತಿ ಇಲ್ಲ, ಮಣ್ಣು ಎತ್ತಿದಾಗ ಏಳುತ್ತದೆ, ಇಳಿಸಿದಾಗ ಇಳಿಯುತ್ತದೆ. ಅದೂ ನಾಲ್ಕೂ ಮೂಲೆ ಒಂದೇ ಸಮನೆ ಅಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲೇರುವ ಬಿರುಕು ಈ ಭಾಗದ ಆಶ್ರಯ ಮನೆಗಳಿಗೆ ಮನೆತನದ ಗುರುತಿನಂತೆ ಅಂಟಿಕೊಂಡಿದೆ. ಗಿಲಾವು ಮೆತ್ತಿ ಬಣ್ಣ ಬಳಿದರೆ ಮುಂದಿನ ಬೇಸಿಗೆಯವರೆಗೆ ಕಾಣುವುದಿಲ್ಲ.

ಇದಕ್ಕೆ ಪರಿಹಾರಗಳೇನೂ ಗುಟ್ಟಿನವಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ನೆಲಕ್ಕೆಂದೇ ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಂಬದ ಬುನಾದಿಯನ್ನು ರೂಢಿಗೆ ತಂದಿತು. ಮುಂಬಯಿಯ ಐಐಟಿಯ ಪ್ರೊಫೆಸರ್ ಆರ್.ಕೆ. ಕಟ್ಟಿ ಅವರು ಉಬ್ಬುವ ಮಣ್ಣಿನ ಮೇಲೆ ಉಬ್ಬದ, ಜಿಗುಟುಳ್ಳ ಮಣ್ಣಿನ ಪದರವನ್ನು ಕುಟ್ಟಿ ಕೂರಿಸಿದರೆ ಕೆಳಗಿನ ಒತ್ತಡ ತಣ್ಣಗಾಗುತ್ತದೆ ಎಂದು ತೋರಿಸಿದರು. ಮಲಪ್ರಭಾ ಕಾಲುವೆಗಳಲ್ಲಿ ಅದರ ಬಳಕೆಯಾಯಿತು. ಪುಟ್ಟ ಮನೆಗೆ ಇದರ ಸರಳ ರೂಪ ಎಂದರೆ ಎರೆಮಣ್ಣನ್ನು ಆಳಕ್ಕೆ ತೆಗೆದು, ಗಟ್ಟಿ ಮರಂ ತುಂಬಿ, ನೀರು ಹಾಕಿ ಪದರ ಪದರವಾಗಿ ದಮ್ಮಸು ಮಾಡಿ, ಮೇಲೊಂದು ಕಬ್ಬಿಣದ ಕಟ್ಟು ಸುತ್ತಿಸುವುದು. ಆಮೇಲೆ ಮನೆಯ ಸುತ್ತ ಮೂರಡಿ ಅಗಲಕ್ಕೆ ಪರ್ಸಿ ಕಲ್ಲು ಹಾಸಿ, ಗೋಡೆಯ ಬುಡಕ್ಕೆ ಮಳೆನೀರೂ ಬಚ್ಚಲ ನೀರೂ ಇಳಿಯದಂತೆ ನೋಡಿಕೊಳ್ಳುವುದು. ಈ ಕೊನೆಯ ಕೆಲಸ ಎಲ್ಲಕ್ಕಿಂತ ಅಗ್ಗ, ಎಲ್ಲರೂ ಬಿಟ್ಟುಬಿಡುವುದೂ ಅದನ್ನೇ. ಹಳೆಯ ಹಳ್ಳಿಗಳು ಎಲ್ಲಿ ಕೂತಿವೆ ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಅವು ಬಹುಪಾಲು ದಿಬ್ಬದ ಮೇಲೆ, ಎರೆ ತೆಳುವಾಗಿ ಮರಂ ಮೇಲಕ್ಕೇ ಸಿಗುವ ಕಡೆ. ಬೆಳೆಯುವ ನೆಲವನ್ನು ಬೆಳೆಗೆ ಬಿಟ್ಟು ಬೆಳೆಯದ ನೆಲದ ಮೇಲೆ ವಾಸ ಮಾಡಿದವರು ಬುನಾದಿಯ ದುಡ್ಡನ್ನೂ ಉಳಿಸಿಕೊಂಡರು. ಈಗಿನ ಬಡಾವಣೆಗಳು ಜಾಗ ಸೋವಿಯಾಗಿ ಸಿಕ್ಕ ಕಡೆ ಏಳುತ್ತವೆ, ಅಲ್ಲಿ ನಿವೇಶನದಲ್ಲಿ ಉಳಿಸಿದ್ದನ್ನು ಬುನಾದಿ ನುಂಗುತ್ತದೆ. ಕಷ್ಟ ಏನೆಂದರೆ ಬುನಾದಿ ಫೋಟೊದಲ್ಲಿ ಚೆಂದ ಕಾಣುವುದಿಲ್ಲ. ರಾಜ್ಯದ ವಸತಿ ಯೋಜನೆಗಳಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದಿಂದ ಬುನಾದಿ, ಲಿಂಟಲ್, ಛಾವಣಿ, ಪೂರ್ಣ ಎಂದು ಹಂತಹಂತವಾಗಿ, ಜಿಪಿಎಸ್ ಚಿತ್ರ ನೋಡಿಕೊಂಡು ಹಣ ಬರುತ್ತದೆ. ಮೂರಡಿ ಅಗೆದವರಿಗೂ ಆರಡಿ ಅಗೆದವರಿಗೂ ಚಿತ್ರ ಒಂದೇ, ಕಂತೂ ಒಂದೇ. ಹಾಗಿರುವಾಗ ಆರಡಿ ಅಗೆಯುವವರು ಯಾರು?

ಮಹಾಗಾಂವ್ ಕ್ರಾಸಿನ ಆಸುಪಾಸು ರಸ್ತೆಬದಿಯಲ್ಲಿ ಗೋಡೆಗಳನ್ನು ಗಮನಿಸುತ್ತ ಹೋದರೆ ಕಲ್ಲಿನ ಕಥೆ ತೆರೆದುಕೊಳ್ಳುತ್ತದೆ. ಹಳೆಯ ಮನೆಗಳಿಗೆ ಸ್ಥಳೀಯ ಕರಿಕಲ್ಲು, ಮಣ್ಣಿನ ಗಾರೆ. ಹೊಸವಕ್ಕೆ ಸಿಮೆಂಟ್ ಇಟ್ಟಂಗಿ. ನೆಲಕ್ಕೆ ಮಾತ್ರ ಬಡವ ಬಲ್ಲಿದನೆನ್ನದೆ ಶಹಾಬಾದಿನ ಪರ್ಸಿ. ಜಿಲ್ಲೆಯ ದಕ್ಷಿಣದ ಶಹಾಬಾದ್, ಚಿತ್ತಾಪುರ, ಸೇಡಂ ಸೀಮೆಯ ಈ ಸುಣ್ಣಗಲ್ಲು ಪದರ ಪದರವಾಗಿ ಸೀಳುವುದರಿಂದ ಗರಗಸದ ಕೆಲಸ ಅರ್ಧ ಉಳಿಯುತ್ತದೆ. ದೇಶದ ಅದೆಷ್ಟೋ ರೈಲ್ವೆ ನಿಲ್ದಾಣಗಳ ಪ್ಲಾಟ್‌ಫಾರ್ಮು ತುಳಿದವರು ಇದನ್ನು ತುಳಿದಿದ್ದಾರೆ. ಆದರೆ ಇದೇ ಕಲ್ಲು ನೆಲ ಬಿಟ್ಟು ಮೇಲಕ್ಕೂ ಹೋಗುತ್ತಿತ್ತು. ಕಬ್ಬಿಣದ ಗರ್ಡರುಗಳನ್ನು ನಾಲ್ಕಡಿ ಅಂತರಕ್ಕೆ ಇಟ್ಟು, ಅವುಗಳ ಮೇಲೆ ಎರಡಂಗುಲ ದಪ್ಪದ ಪರ್ಸಿ ಹಾಸಿ, ಸಂದಿಗೆ ಗಚ್ಚು ತುಂಬಿ ಮಾಳಿಗೆ ಮಾಡುವ ಪದ್ಧತಿ ಈ ಭಾಗದಲ್ಲಿ ಎರಡು ತಲೆಮಾರಿನ ಹಿಂದೆ ಸಾಮಾನ್ಯವಾಗಿತ್ತು. ಸೆಂಟ್ರಿಂಗ್ ಬೇಡ, ಹದಿನೈದು-ಇಪ್ಪತ್ತು ದಿನ ನೀರು ಹಾಕುವ ಕಾಟ ಬೇಡ, ಮುಂದೆ ಮನೆ ಕೆಡವಿದರೆ ಗರ್ಡರೂ ಕಲ್ಲೂ ಮರಳಿ ಬಳಕೆಗೆ ಬರುತ್ತವೆ. ಕೆಡವಿದ ಆರ್‌ಸಿಸಿ ಸ್ಲ್ಯಾಬಿನಲ್ಲಿ ಗುಜರಿಯವನಿಗೆ ತುಂಡು ಕಬ್ಬಿಣ, ಉಳಿದದ್ದು ಹಳ್ಳಕ್ಕೆ. ಸುತ್ತಲಿನ ಐದು ಮೈಲಿಯೊಳಗೆ ಸಿಗುವ ಸಾಮಗ್ರಿಯಿಂದ ಮನೆ ಕಟ್ಟಬೇಕೆಂಬ ಗಾಂಧಿಯವರ ಮಾತನ್ನು ಕೇರಳದಲ್ಲಿ ಲಾರಿ ಬೇಕರ್ ಬದುಕಿಡೀ ಪಾಲಿಸಿದರು. ಕಮಲಾಪುರಕ್ಕೆ ಶಹಾಬಾದ್ ಐದು ಮೈಲಿಯಲ್ಲ ನಿಜ, ಆದರೂ ಸಿಮೆಂಟ್ ಕಾರ್ಖಾನೆಗಳ ಈ ಜಿಲ್ಲೆಯಲ್ಲಿ ಕಲ್ಲನ್ನು ಸುಟ್ಟು ಪುಡಿಮಾಡಿ ಮತ್ತೆ ಕಲ್ಲಾಗಿಸುವ ಬದಲು ಕಲ್ಲಾಗಿಯೇ ತಲೆಯ ಮೇಲಿಡುವುದು ಹೆಚ್ಚು ಮಿತವ್ಯಯದ ದಾರಿಯಾಗಿ ಕಾಣುತ್ತದೆ.

ಸೂರಿನ ಮಾತು ಬಂದಾಗ ಸೂರ್ಯನ ದಾರಿಯನ್ನೂ ನೋಡಬೇಕು. ಕಲಬುರಗಿ ಇರುವುದು ಉತ್ತರ ಅಕ್ಷಾಂಶ 17.3ರಲ್ಲಿ. ಮೇ ಎರಡನೆಯ ವಾರದ ಸುಮಾರಿಗೆ ನಡುಹಗಲ ಸೂರ್ಯ ನೇರ ನೆತ್ತಿಗೆ ಬರುತ್ತಾನೆ. ಉಗ್ರ ಬೇಸಿಗೆಯ ಮಧ್ಯಾಹ್ನ ದಕ್ಷಿಣದ ಗೋಡೆಗೆ ಬಿಸಿಲು ಸವರಿಕೊಂಡು ಹೋಗುತ್ತದೆ ಅಷ್ಟೇ. ಎಲ್ಲವನ್ನೂ ತಿನ್ನುವುದು ಮಾಳಿಗೆ. ಐದು ಮೀಟರ್ ಚೌಕದ ಒಂದಂತಸ್ತಿನ ಮನೆಯಲ್ಲಿ ಪ್ರತಿಯೊಂದು ಚದರಡಿಯ ಮೇಲೂ ಸೂರು ಇದೆ; ಮೇಲುಮಹಡಿ ಹೊತ್ತ ಮನೆಯಲ್ಲಿ ಕೆಳಗಿನವರಿಗಾದರೂ ತಂಪು. ಆದ್ದರಿಂದ ಚಿಕ್ಕ ಮನೆ ದೊಡ್ಡದಕ್ಕಿಂತ ಬಿಸಿ. ನಾಲ್ಕಂಗುಲದ ಕಾಂಕ್ರೀಟು ಹಗಲೆಲ್ಲ ಕಾದು ರಾತ್ರಿಯೆಲ್ಲ ಒಳಗೆ ಕಾರುತ್ತದೆ. ತಗಡು ಹಗಲು ಬಾಣಲೆ, ರಾತ್ರಿ ಬೇಗ ಆರುತ್ತದೆ. ಎರಡರ ಮೇಲೂ ಸುಣ್ಣ ಬಳಿದರೆ ಬಿಸಿಲಿನ ದೊಡ್ಡ ಪಾಲು ಹಿಂದಕ್ಕೆ ಹೋಗುತ್ತದೆಂಬುದು ಗೊತ್ತಿದ್ದ ಸಂಗತಿಯೇ. ಕಲಬುರಗಿಗೆ ಅಂಟಿಕೊಂಡಿರುವ ತೆಲಂಗಾಣ 2023ರಲ್ಲಿ ಬಿಳಿ ಸೂರಿಗೆಂದೇ ಒಂದು ನೀತಿ ಹೊರಡಿಸಿತು. ಸುಣ್ಣದ ಕಲ್ಲಿನ ಮೇಲೆಯೇ ಕೂತಿರುವ ಜಿಲ್ಲೆಯಲ್ಲಿ ಬೇಸಿಗೆಗೆ ಮುಂಚೆ ಮಾಳಿಗೆಗೆ ಎರಡು ಕೈ ಸುಣ್ಣ ಹೊಡೆಯುವುದಕ್ಕೆ ನೀತಿ ಬೇಕೇ ಎಂದು ಕೇಳಬಹುದು. ಸುಣ್ಣ ಪ್ರತಿವರ್ಷ ಹೊಡೆಯಬೇಕು, ಮೇಲೆ ಹತ್ತಲು ಮೆಟ್ಟಿಲು ಬೇಕು, ಮೆಟ್ಟಿಲು ಕಟ್ಟಲು ಯೋಜನೆಯಲ್ಲಿ ದುಡ್ಡಿಲ್ಲ. ಹೊರಬದಿಯ ಗೋಡೆಯಿಂದ ಚಾಚಿದ ಉದ್ದನೆಯ ಕಲ್ಲುಗಳೇ ಹಳೆಯ ಮನೆಗಳ ಮೆಟ್ಟಿಲು. ಕಾಸು ಖರ್ಚಿಲ್ಲದ ಅಂಥ ಉಪಾಯಗಳು ನಕ್ಷೆಯಿಂದ ಮಾಯವಾದದ್ದು ದೊಡ್ಡ ನಷ್ಟ, ಏಕೆಂದರೆ ಈ ಸೀಮೆಯಲ್ಲಿ ಮಾರ್ಚಿನಿಂದ ಮಳೆ ಬರುವವರೆಗೆ ಮಾಳಿಗೆಯೇ ಮಲಗುವ ಕೋಣೆ. ಹತ್ತಲು ಬಾರದ ಮಾಳಿಗೆ ಕಟ್ಟಿದವರು 270 ಚದರಡಿಯ ಇನ್ನೊಂದು ಕೋಣೆಯನ್ನು ಕೈಯಾರೆ ಕಳೆದುಕೊಂಡಂತೆ.

ಹಾಗಾದರೆ ಹಿಂದಿನವರ ಮಣ್ಣಿನ ಮಾಳಿಗೆಗೇ ಹಿಂತಿರುಗಬಾರದೇಕೆ ಎಂಬ ಪ್ರಶ್ನೆ ಬರುತ್ತದೆ. ಅಡಿ ದಪ್ಪದ ಮಣ್ಣು, ಎರಡಡಿ ದಪ್ಪದ ಗೋಡೆ, ಒಳಗೆ ಗುಡಿಯ ಗರ್ಭದಂಥ ತಂಪು. ಈ ವ್ಯಾಮೋಹಕ್ಕೆ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೀಕರ ಉತ್ತರ ಸಿಕ್ಕಿತು. ಕಮಲಾಪುರದಿಂದ ನೂರು ಕಿಲೋಮೀಟರಿನೊಳಗೇ ಇರುವ ಲಾತೂರ್ ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿ, ಮಣ್ಣಿನ ಗಾರೆಯ ಕಲ್ಲುಗೋಡೆಗಳೂ ಭಾರದ ಮಾಳಿಗೆಗಳೂ ಮಲಗಿದ್ದವರ ಮೇಲೆ ಕುಸಿದು ಸಾವಿರಾರು ಜನ ಸತ್ತರು. ಆಗಿನ ನಕ್ಷೆಯಲ್ಲಿ ಅದು ಭೂಕಂಪದ ಭಯ ಎಲ್ಲಕ್ಕಿಂತ ಕಡಿಮೆ ಇರುವ ವಲಯ. ನಮ್ಮ ಜಿಲ್ಲೆಯಲ್ಲೇ 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ಮೇಲಿಂದ ಮೇಲೆ ನೆಲ ನಡುಗಿದಾಗ ಜನ ಮನೆ ಬಿಟ್ಟು ಬಯಲಲ್ಲಿ ರಾತ್ರಿ ಕಳೆದರು. ಲೆಕ್ಕ ಹಾಕಿ ನೋಡಬಹುದು: 25 ಚದರ ಮೀಟರಿನ ಮೇಲೆ ಒಂದಡಿ ಮಣ್ಣು ಎಂದರೆ ಹನ್ನೆರಡು ಟನ್ನಿಗೂ ಹೆಚ್ಚು ಭಾರ, ನಾಲ್ಕಂಗುಲದ ಸ್ಲ್ಯಾಬು ಆರು ಟನ್ ಚಿಲ್ಲರೆ, ಎರಡಂಗುಲದ ಪರ್ಸಿ ಮೂರು ಟನ್ನಿನ ಆಸುಪಾಸು, ಮೇಲಿನ ಗಚ್ಚು ಸೇರಿದರೆ ಹೆಚ್ಚೆಂದರೆ ಸ್ಲ್ಯಾಬಿನಷ್ಟು. ಹಾಗೆಂದು ಪರ್ಸಿಯನ್ನು ಸುಮ್ಮನೆ ಹಾಸಿಟ್ಟರೆ ನೆಲ ಅಲುಗಿದಾಗ ಕಲ್ಲು ಜಾರಿ ಬೀಳುತ್ತದೆ. ಮೇಲೊಂದು ತೆಳು ಕಬ್ಬಿಣದ ಜಾಳಿಗೆಯ ಕಾಂಕ್ರೀಟು ಕಟ್ಟಿ, ಗರ್ಡರುಗಳನ್ನು ಗೋಡೆಯ ತಲೆಯ ಕಟ್ಟಿಗೆ ಬಿಗಿಯಲೇಬೇಕು. ಕಲ್ಲುಗೋಡೆಗೆ ಒಳಹೊರಗಿನ ಮೈ ಬೇರಾಗದಂತೆ ಅಲ್ಲಲ್ಲಿ ದಪ್ಪಕ್ಕೂ ಹಾಯುವ ಉದ್ದಗಲ್ಲು ಬೇಕು, ಲಿಂಟಲ್ ಮಟ್ಟದಲ್ಲಿ ಸುತ್ತು ಕಟ್ಟು ಬೇಕು. ಕಿಲ್ಲಾರಿ ಸೀಮೆಯಲ್ಲಿ ಗೋಡೆ ಬಿದ್ದರೂ ಮರದ ಕಂಬ-ತೊಲೆಗಳ ಚೌಕಟ್ಟು ಹೊತ್ತ ಕೆಲವು ಮಾಳಿಗೆಗಳು ನಿಂತಿದ್ದವು ಎಂಬುದನ್ನೂ ಮರೆಯಬಾರದು. ಹಳೆಯದರಲ್ಲಿ ಕೊಂದದ್ದು ಯಾವುದು, ಕಾಯ್ದದ್ದು ಯಾವುದು ಎಂದು ಬಿಡಿಸಿ ನೋಡದೆ ಪೂಜಿಸುವವರೂ ಕೆಡವುವವರೂ ಒಂದೇ ತಪ್ಪು ಮಾಡುತ್ತಾರೆ.

ಕುರಿಕೋಟಾದ ಸೇತುವೆ ದಾಟಿ ಕಮಲಾಪುರ ಸಮೀಪಿಸಿದಂತೆ ನೆಲ ಮೇಲೇರುತ್ತದೆ, ಮಣ್ಣಿಗೆ ಕೆಂಪು ಕೂಡಿಕೊಳ್ಳುತ್ತದೆ. 2018ರಲ್ಲಿ ತಾಲ್ಲೂಕಾದ ಈ ಊರಿಗೆ ಹೆಸರು ತಂದದ್ದು ಕೆಂಬಾಳೆ. ಅದಕ್ಕೂ ಜಿಐ ಮಾನ್ಯತೆ ಇದೆ. ಮನೆ ಕಟ್ಟುವವರ ಕಣ್ಣಿಗೆ ಇಲ್ಲಿ ಬೇರೊಂದು ಬೆಳೆ ಕಾಣಬೇಕು: ಇಟ್ಟಂಗಿಯಾಗಬಲ್ಲ ಮಣ್ಣು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮರಳು ಬೆರೆತ ಕೆಂಪು ಮಣ್ಣಿಗೆ ಶೇ 6ರಿಂದ 8ರಷ್ಟು ಸಿಮೆಂಟ್ ಕೂಡಿಸಿ ಕೈಯಂತ್ರದಲ್ಲಿ ಒತ್ತಿ ಇಟ್ಟಂಗಿ ಮಾಡುವ ವಿಧಾನವನ್ನು ಗಟ್ಟಿಗೊಳಿಸಿದರು. ಸುಡುವ ಕೆಲಸವಿಲ್ಲ, ಕಟ್ಟಿಗೆ ಬೇಡ, ನೆರಳಲ್ಲಿ ಮೂರು-ನಾಲ್ಕು ವಾರ ನೀರು ಚಿಮುಕಿಸಿದರೆ ಸಾಕು. ಎರೆಮಣ್ಣಿನಲ್ಲಿ ಇದು ಆಗದು, ಉಬ್ಬುವ ಜಿಗುಟು ಸಿಮೆಂಟಿಗೆ ಬಗ್ಗುವುದಿಲ್ಲ. ಅಂದರೆ ಕಪನೂರಿಗೆ ಹೇಳಿದ ಮನೆ ಕಮಲಾಪುರಕ್ಕೆ ಸಲ್ಲದು, ಕಮಲಾಪುರದ್ದು ಕಪನೂರಿಗೆ ಸಲ್ಲದು. ಒಂದೇ ರಸ್ತೆಯ ಎರಡು ತುದಿಯಲ್ಲಿ ಬುನಾದಿ ಬೇರೆ, ಗೋಡೆ ಬೇರೆ. ರಾಜ್ಯಕ್ಕೆಲ್ಲ ಒಂದೇ ನಕ್ಷೆ, ಒಂದೇ ದರ ಇಟ್ಟುಕೊಂಡವರು ಈ ರಸ್ತೆಯಲ್ಲಿ ಒಮ್ಮೆ ಓಡಾಡಬೇಕು.

ತಾಲ್ಲೂಕಿನ ತಾಂಡಾಗಳಲ್ಲಿ ಪ್ರಶ್ನೆ ಇನ್ನಷ್ಟು ಹರಿತವಾಗುತ್ತದೆ. 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಗೆ ಚಾಲನೆ ಕೊಟ್ಟರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ದಾಖಲೆಯಿಲ್ಲದ 1,475 ಜನವಸತಿಗಳು ಕಂದಾಯ ಗ್ರಾಮಗಳಾದವು. ಕಾಗದ ಕೈಗೆ ಬಂದವರು ಈಗ ಮನೆ ಕಟ್ಟುತ್ತಿದ್ದಾರೆ. ದೀಪಾವಳಿ ಕಳೆದ ಮೇಲೆ ಕಬ್ಬಿನ ಗಾಣಗಳಿಗೋ ಮುಂಬೈ, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೋ ಹೋಗಿ, ಮುಂಗಾರಿಗೆ ತಿರುಗಿ ಬರುವ ಸಂಸಾರಗಳಿಗೆ ಮನೆ ಎಂದರೆ ಅರ್ಧ ವರ್ಷ ಬೀಗ ಹಾಕಿದ ಪೆಟ್ಟಿಗೆ, ಅರ್ಧ ವರ್ಷ ಮುಂದಿನ ನೆರಳಲ್ಲಿ ನಡೆಯುವ ಬದುಕು. ಕಾಳು, ಪಾತ್ರೆ, ಕಾಗದಪತ್ರ ಇಡಲು ಇಲಿ ನುಗ್ಗದ, ಕಳ್ಳ ಮುರಿಯದ ಒಂದು ಗಟ್ಟಿ ಕೋಣೆ. ರೊಟ್ಟಿ ಬಡಿಯಲು, ಕಸೂತಿ ಹಾಕಲು, ತೊಗರಿ ಹಸನು ಮಾಡಲು, ಬಂದವರನ್ನು ಕೂರಿಸಲು ಅಗಲವಾದ ಪಡಸಾಲೆ. ಈ ಎರಡಿದ್ದರೆ ನಡುವಿನ ಗೋಡೆಗಳೆಲ್ಲ ಅನಗತ್ಯ. ಹೆಂಗಸರ ಮರೆಗೆ, ಅಡುಗೆಗೆ ಗಾಳಿಮರೆ ಆಗಲು ತೊಗರಿ ಕಟ್ಟಿಗೆಯ ತಟ್ಟಿ ಕಟ್ಟಿ ಸಗಣಿಮಣ್ಣು ಮೆತ್ತುವ ಕೌಶಲ ಇನ್ನೂ ಇದೆ. ಹೊಲದಲ್ಲಿ ಸುಟ್ಟು ಹೋಗುವ ಕಟ್ಟಿಗೆಗೆ ಕಿಮ್ಮತ್ತೂ ಇಲ್ಲ. ಒಲೆಯ ಹೊಗೆ ಒಳಕೋಣೆಗೆ ಹೋಗದಿರುವುದು ಇದರ ಲಾಭಗಳಲ್ಲಿ ಚಿಕ್ಕದೇನಲ್ಲ.

ಇಲ್ಲಿ ಬಲವಾದ ಆಕ್ಷೇಪ ಎದುರಾಗುತ್ತದೆ. ಸ್ಲ್ಯಾಬ್ ಹಾಕಿದ ಮನೆಗಷ್ಟೇ ಮರ್ಯಾದೆ; ಸಂಬಂಧ ಬೆಳೆಸಲು ಬಂದವರು ಮೊದಲು ಸೂರು ನೋಡುತ್ತಾರೆ; ತಲೆತಲಾಂತರ ಹೊರಗೇ ಬದುಕಿದವರಿಗೆ ಮತ್ತೆ ಹೊರಗಿನ ನೆರಳಿನ ಪಾಠ ಹೇಳುವುದು, ಬಂಗಲೆಯಲ್ಲಿ ಕೂತವರು ಬಡವರಿಗೆ ಅರ್ಧ ಮನೆ ಸಾಕೆನ್ನುವ ಅಹಂಕಾರವಲ್ಲವೇ? ಈ ಮಾತಿನ ಸಿಟ್ಟು ನ್ಯಾಯವಾದದ್ದು, ಹಾಗಾಗಿ ತಳ್ಳಿಹಾಕುವಂತಿಲ್ಲ. ಆದರೆ ಅರ್ಧ ಮನೆಯಲ್ಲಿ ಎರಡು ಬಗೆ. 1980ರ ದಶಕದಲ್ಲಿ ಇಂದೋರಿನ ಅರಣ್ಯ ಬಡಾವಣೆಯನ್ನು ರೂಪಿಸಿದ ಬಿ.ವಿ. ದೋಶಿ ತೀರಾ ಬಡವರಿಗೆ ಪೀಠ, ಶೌಚಾಲಯ, ನೀರು, ಒಂದು ಕೋಣೆಯಂಥ ತಿರುಳನ್ನು ಕೊಟ್ಟು ಉಳಿದದ್ದನ್ನು ಮನೆಯವರ ಕೈಗೆ ಬಿಟ್ಟರು. ಚಿಲಿಯ ಇಕೀಕೆ ನಗರದಲ್ಲಿ 2004ರ ಹೊತ್ತಿಗೆ ಅಲೆಹಾಂದ್ರೊ ಅರವೇನಾ ತಂಡ ಸುಮಾರು ನೂರು ಕುಟುಂಬಗಳಿಗೆ ಒಳ್ಳೆಯ ಮನೆಯ ಅರ್ಧವನ್ನಷ್ಟೇ ಕಟ್ಟಿತು. ಆದರೆ ಕಟ್ಟಿದ ಅರ್ಧ ಕಷ್ಟದ ಅರ್ಧ: ಬುನಾದಿ, ಅಡ್ಡಗೋಡೆ, ಮೆಟ್ಟಿಲು, ಸೂರು, ನೀರಿನ ಕೊಳವೆ. ಸುಲಭದ ಅರ್ಧವನ್ನು ಜನ ತಮಗೆ ಕೂಡಿಬಂದಾಗ ತುಂಬಿಕೊಂಡರು. ನಮ್ಮಲ್ಲಿ ಆಗುತ್ತಿರುವುದು ಇದರ ತಿರುಗಾಮುರುಗಾ. ಬುನಾದಿ ತೆಳು, ಸೂರು ಬಿಸಿ, ಮುಂಬದಿಗೆ ಟೈಲ್ಸು, ಮೇಲೆ ಮುಂದೆಂದೋ ಕಟ್ಟುವ ಮಜಲಿಗೆಂದು ಬಿಟ್ಟ ಸಲಾಕೆಗಳು ತುಕ್ಕು ಹಿಡಿದು ಆಕಾಶ ನೋಡುತ್ತಿರುತ್ತವೆ. ಕೈಯಲ್ಲಿರುವ ದುಡ್ಡು ಅರ್ಧ ಮನೆಗೇ ಸಾಲುವಾಗ ಆ ಅರ್ಧ ಯಾವುದಿರಬೇಕು ಎಂದು ಆರಿಸುವುದರಲ್ಲಿ ಅವಮಾನವೇನಿಲ್ಲ. ಪೂರ್ತಿ ಮನೆಯ ಸೋಗು ಹಾಕಿಸಿ ಬಡ್ಡಿ ಸಾಲಕ್ಕೆ ತಳ್ಳುವುದು ನಿಜವಾದ ಅವಮಾನ. ಪಡಸಾಲೆಯ ಮೇಲೆ ಈ ವರ್ಷ ತಗಡು ಇರಲಿ, ಕಟ್ಟು ಮತ್ತು ಬುನಾದಿ ಗಟ್ಟಿ ಇದ್ದರೆ ಐದು ವರ್ಷಕ್ಕೆ ಅದು ಕೋಣೆಯಾಗುತ್ತದೆ. ಬುನಾದಿಯನ್ನು ಐದು ವರ್ಷದ ನಂತರ ಗಟ್ಟಿ ಮಾಡುವ ಉಪಾಯ ಯಾರಲ್ಲೂ ಇಲ್ಲ.

ಸರ್ಕಾರ ಮಾಡಬಹುದಾದ ಕೆಲಸ ಬಹಳವೇನಿಲ್ಲ. ಎರೆ ನೆಲದ ಗ್ರಾಮಗಳಿಗೆ ಮೊದಲ ಕಂತನ್ನು ಹೆಚ್ಚಿಸಿ, ಫೋಟೊ ತೆಗೆಯುವ ಮುನ್ನ ಗುಂಡಿಯ ಆಳ ಅಳೆಯಲಿ. ಮೂರು ಬದಿ ತೆರೆದ ಪಡಸಾಲೆಯ ಅರ್ಧವನ್ನಾದರೂ ಮನೆಯ ಅಳತೆಗೆ ಸೇರಿಸಿಕೊಳ್ಳಲಿ. ಕಲಬುರಗಿಯಲ್ಲಿ 1958ರಿಂದ ಪಿಡಿಎ ಎಂಜಿನಿಯರಿಂಗ್ ಕಾಲೇಜು ಇದೆ, ಸಿವಿಲ್ ಓದುವ ಹುಡುಗ ಹುಡುಗಿಯರಿದ್ದಾರೆ. ಹೋಬಳಿಗೊಂದರಂತೆ ಮಣ್ಣು ನೋಡಿ ನಾಲ್ಕಾರು ನಕ್ಷೆ ಬರೆದು ಪಂಚಾಯಿತಿಯ ಗೋಡೆಗೆ ಅಂಟಿಸುವುದು ಅವರಿಗೆ ಒಂದು ಸೆಮಿಸ್ಟರಿನ ಕೆಲಸ. ಇದೆಲ್ಲ ಆಗುವವರೆಗೆ ಕಾಯಲಾರದೆ ಈ ಬೇಸಿಗೆಯಲ್ಲೇ ಮನೆ ಎತ್ತಲು ಹೊರಟವರಲ್ಲಿ ಒಂದೇ ಕೋರಿಕೆ: ಸಿಮೆಂಟಿಗೆ ಮುಂಗಡ ಕೊಡುವ ಮೊದಲು ನಿವೇಶನದ ಎರಡು ಮೂಲೆಯಲ್ಲಿ ಐದೈದು ಅಡಿ ಗುಂಡಿ ತೋಡಿಸಿ ಮಣ್ಣು ನೋಡಿ. ಮರಂ ಎಷ್ಟು ಆಳಕ್ಕೆ ಸಿಗುತ್ತದೆ ಎಂದು ಗೊತ್ತಾದ ಮೇಲೆ ಮನೆ ಎಷ್ಟು ಚದರಡಿ ಎಂಬುದನ್ನು ಗೌಂಡಿಯ ಜೊತೆ ಕೂತು ಗೊತ್ತುಮಾಡಿ.